ಪಕ್ಕದ ಸೀಟಿನ ಹಾಡು

ಬಸ್ಸು, ರೈಲು, ಟ್ರ್ಯಾಮುಗಳು ಬರುವುದಕ್ಕೆ ಮೊದಲು ಮನುಷ್ಯರು ಒಬ್ಬರ ಮುಖವನ್ನೊಬ್ಬರು ನೋಡುತ್ತ, ಒಂದೂ ಮಾತಾಡದೆ, ನಿಮಿಷಗಟ್ಟಲೆ ಗಂಟೆಗಟ್ಟಲೆ ಎದುರುಬದುರು ಕುಳಿತಿರಬೇಕಾದ ಪ್ರಸಂಗವೇ ಇರಲಿಲ್ಲ ಎಂಬುದನ್ನು ಜರ್ಮನ್ ಸಮಾಜಶಾಸ್ತ್ರಜ್ಞ ಗೇಯಾರ್ಗ್ ಜಿಮೆಲ್ 1908ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಗುರುತಿಸಿದ್ದ. ನಗರ ಜೀವನ ಮನುಷ್ಯನಿಗೆ ಹೊಸದಾಗಿ ಕಲಿಸಿದ ಈ ಮೌನ ಇಂದು ಎಷ್ಟು ಸಹಜವಾಗಿದೆಯೆಂದರೆ, ದಿನವೂ ಒಂದೇ ಬಸ್ಸಿಗೆ ಕಾಯುವ ಇಬ್ಬರು ವರ್ಷಗಟ್ಟಲೆ ಪರಸ್ಪರ ಹೆಸರನ್ನೂ ತಿಳಿಯದೆ ಇರುವುದು ಯಾರಿಗೂ ಸೋಜಿಗವೆನಿಸುವುದಿಲ್ಲ. ಈ ಮೌನದ ಬೇಲಿಯ ಮೇಲೆ ಇಯರ್‌ಫೋನ್ ಇನ್ನೊಂದು ಬೇಲಿಯನ್ನು ಕಟ್ಟಿತು. ಆದರೆ ಕಿವಿಗೆ ಹಾಡನ್ನು ತಲುಪಿಸುವ ಸಾಧನದೊಳಗೆ ತಂತಿಯಿಲ್ಲದೆ ಸುತ್ತಲಿನವರನ್ನು ತಲುಪಬಲ್ಲ ರೇಡಿಯೋ ಬಂದು ಸೇರಿದ ಮೇಲೆ, ಅದೇ ಬೇಲಿಯಲ್ಲಿ ಒಂದು ಸಣ್ಣ ಕಿಂಡಿಯನ್ನೇಕೆ ತೆರೆಯಬಾರದು, ಪಕ್ಕದಲ್ಲಿ ಕುಳಿತ ಅಪರಿಚಿತ ಏನನ್ನು ಕೇಳುತ್ತಿದ್ದಾನೆಂದು ತಿಳಿಯುವ, ಅವನಿಗೂ ಅಭ್ಯಂತರವಿಲ್ಲದಿದ್ದರೆ ಅದನ್ನೇ ಕೇಳುವ ಅನುಕೂಲವನ್ನೇಕೆ ಮಾಡಬಾರದು ಎಂಬ ಪ್ರಶ್ನೆ ಕೆಲವರನ್ನು ಕಾಡತೊಡಗಿತು. ಕಳೆದ ಎರಡು ದಶಕಗಳಲ್ಲಿ ಸಂಶೋಧಕರು, ದೊಡ್ಡ ಕಂಪನಿಗಳು ಹಾಗೂ ಯಾರ ಅಪ್ಪಣೆಗೂ ಕಾಯದ ಸಾಮಾನ್ಯ ಜನರು ಈ ಪ್ರಶ್ನೆಗೆ ಕೊಟ್ಟ ಉತ್ತರಗಳು ಬೇರೆಬೇರೆ. ಅವುಗಳಲ್ಲಿ ಯಾವುದು ಬಾಳಿತು, ಯಾವುದು ಬಾಡಿತು ಎಂಬುದನ್ನು ತಂತ್ರಜ್ಞಾನ ನಿರ್ಧರಿಸಿದ್ದು ಕಡಿಮೆ. ಕೊಡುವವನಿಗೂ ಪಡೆಯುವವನಿಗೂ ಆ ಹಾಡು ಎಷ್ಟು ಬೇಕಾಗಿತ್ತು ಎಂಬುದೇ ಹೆಚ್ಚಾಗಿ ನಿರ್ಧರಿಸಿತು.

ಒಬ್ಬರೇ ಕೇಳುವ ಸಂಗೀತದ ಯುಗ ಆರಂಭವಾದದ್ದೇ ಒಂದು ಸಂಕೋಚದೊಂದಿಗೆ ಎಂಬುದು ಈ ಕಥೆಯ ಸ್ವಾರಸ್ಯಕರ ಭಾಗ. ಸೋನಿ ಕಂಪನಿ 1979ರ ಜುಲೈ 1ರಂದು ಜಪಾನಿನಲ್ಲಿ ಮಾರುಕಟ್ಟೆಗೆ ತಂದ ಮೊದಲ ವಾಕ್‌ಮನ್‌ನಲ್ಲಿ ಹೆಡ್‌ಫೋನ್ ಸಿಕ್ಕಿಸಲು ಒಂದಲ್ಲ, ಎರಡು ತೂತುಗಳಿದ್ದವು. ಇಬ್ಬರು ಒಟ್ಟಿಗೆ ಕೇಳುವಾಗ ಮಾತಾಡಬೇಕೆನಿಸಿದರೆ ಒತ್ತಲು ಕಿತ್ತಳೆ ಬಣ್ಣದ ಒಂದು ಗುಂಡಿಯೂ ಇತ್ತು. ಅದನ್ನು ಒತ್ತಿದರೆ ಹಾಡಿನ ಸದ್ದು ತಗ್ಗಿ, ಪೆಟ್ಟಿಗೆಯಲ್ಲೇ ಅಡಗಿದ್ದ ಮೈಕಿನ ಮೂಲಕ ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳುತ್ತಿತ್ತು. ಕಂಪನಿಯ ಮುಖ್ಯಸ್ಥ ಅಕಿಯೊ ಮೊರಿಟಾ ತನ್ನ ಆತ್ಮಕಥನದಲ್ಲಿ ಹೇಳಿಕೊಂಡಿರುವಂತೆ, ಮನೆಯಲ್ಲಿ ಅದರ ಮಾದರಿಯೊಂದನ್ನು ಹಿಡಿದು ತಾನೊಬ್ಬನೇ ಕೇಳುತ್ತ ಕುಳಿತಾಗ ಹೆಂಡತಿಗೆ ಬೇಸರವಾದುದನ್ನು ಕಂಡು, ಒಬ್ಬನೇ ಕೇಳುವುದು ಅಸಭ್ಯವೆನಿಸಬಹುದೆಂಬ ಆತಂಕ ಆತನನ್ನು ಕಾಡಿತ್ತು. ಆದರೆ ಕೊಂಡವರಿಗೆ ಅಂಥ ಆತಂಕವೇನೂ ಇರಲಿಲ್ಲ. ಪ್ರತಿಯೊಬ್ಬರಿಗೂ ತಮ್ಮದೇ ಆದ ಒಂದು ವಾಕ್‌ಮನ್ ಬೇಕಿತ್ತು. ಎರಡನೆಯ ತೂತು ಮತ್ತು ಕಿತ್ತಳೆ ಗುಂಡಿ ಮುಂದಿನ ಮಾದರಿಗಳಲ್ಲಿ ಕಾಲಕ್ರಮೇಣ ಕಾಣೆಯಾದವು. ಹಂಚಿಕೊಳ್ಳುವ ಸೌಕರ್ಯವನ್ನು ತಯಾರಕರು ಕೊಟ್ಟು, ಬಳಕೆದಾರರು ಅದನ್ನು ಬೇಡವೆಂದ ಈ ಘಟನೆ ಮುಂದೆ ಬೇರೆಬೇರೆ ವೇಷಗಳಲ್ಲಿ ಮತ್ತೆ ಮತ್ತೆ ನಡೆಯಿತು.

ಪಕ್ಕದವರ ಬಗ್ಗೆ ನಗರವಾಸಿ ತೋರುವ ಈ ನಿರಾಸಕ್ತಿ ನಿಜವಾದ ನಿರಾಸಕ್ತಿಯೇ ಎಂಬುದನ್ನು ಮೊದಲು ಕೇಳಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಮ್ 1972ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನ ಇಲ್ಲಿ ನೆನಪಿಗೆ ಬರುತ್ತದೆ. ಆತನ ವಿದ್ಯಾರ್ಥಿಗಳು ನಿತ್ಯ ಪ್ರಯಾಣಿಕರು ರೈಲಿಗಾಗಿ ಕಾಯುವ ನಿಲ್ದಾಣಗಳಲ್ಲಿ ಗುಂಪಿನ ಛಾಯಾಚಿತ್ರ ತೆಗೆದು, ಮುಂದಿನ ವಾರ ಅದೇ ಹೊತ್ತಿನಲ್ಲಿ ಅದೇ ಜನರಿಗೆ ಆ ಚಿತ್ರವನ್ನು ಕೊಟ್ಟು, ಇವರಲ್ಲಿ ಎಷ್ಟು ಜನರ ಗುರುತಿದೆ ಎಂದು ಕೇಳಿದರು. ಒಬ್ಬ ಪ್ರಯಾಣಿಕನಿಗೆ ಎಂದೂ ಮಾತಾಡಿಸಿರದ, ಆದರೆ ಮುಖ ಚೆನ್ನಾಗಿ ಗೊತ್ತಿರುವ ಸರಾಸರಿ ನಾಲ್ವರು ಇದ್ದರು. ಅಂಥವರನ್ನು ಮಿಲ್‌ಗ್ರಾಮ್ ಪರಿಚಿತ ಅಪರಿಚಿತರು ಎಂದು ಕರೆದ. ಇವರ ನಡುವೆ ಸಂಬಂಧವೇ ಇಲ್ಲವೆಂದಲ್ಲ, ಮಾತಾಡಿಸುವುದು ಬೇಡವೆಂಬ ಒಪ್ಪಂದವೇ ಆ ಸಂಬಂಧ ಎಂಬುದು ಆತನ ವಿಚಾರ. ಅದೇ ಇಬ್ಬರು ತಮ್ಮ ನಿಲ್ದಾಣದಿಂದ ದೂರದಲ್ಲಿ, ಬೇರೊಂದು ಊರಿನಲ್ಲಿ ಎದುರಾದರೆ ಮಾತು ತಾನಾಗಿ ಹೊರಡುತ್ತದೆ ಎಂಬುದನ್ನೂ ಆತ ಗಮನಿಸಿದ್ದ. ನಿತ್ಯದ ಜಾಗದಲ್ಲಿ ಮಾತ್ರ ಅದು ಹೊರಡದು, ಏಕೆಂದರೆ ಒಂದು ದಿನ ಮಾತಾಡಿಸಿದರೆ ಮರುದಿನವೂ ಮಾತಾಡಿಸಬೇಕಾಗುತ್ತದೆ; ಬೆಳಗಿನ ಅರ್ಧ ಗಂಟೆಯ ಏಕಾಂತ ಅಲ್ಲಿಗೆ ಮುಗಿಯುತ್ತದೆ. ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ ಇದನ್ನೇ ಮತ್ತೊಂದು ದಿಕ್ಕಿನಿಂದ ನೋಡಿ, ಎದುರಿನವರನ್ನು ಕಂಡೆನೆಂದು ಒಂದು ನೋಟದಲ್ಲಿ ತಿಳಿಸಿ ಕೂಡಲೇ ಕಣ್ಣು ಹೊರಳಿಸುವ ನಡವಳಿಕೆಯನ್ನು, ಕನ್ನಡದಲ್ಲಿ ಶಿಷ್ಟ ಅಲಕ್ಷ್ಯ ಎನ್ನಬಹುದಾದ ಹೆಸರಿನಿಂದ ಕರೆದಿದ್ದ. ನಿರ್ಲಕ್ಷಿಸುವುದೇ ಇಲ್ಲಿ ಗೌರವ. ಮಾತಿನ ಭಾರವಿಲ್ಲದೆ, ನಾಳೆಯ ಹೊಣೆಯಿಲ್ಲದೆ, ಬೇಕೆನಿಸಿದಾಗ ಕಡಿದುಕೊಳ್ಳಬಹುದಾದ ಯಾವುದಾದರೂ ಸಂಪರ್ಕ ಸಾಧ್ಯವಿದ್ದರೆ ಅದು ಸಂಗೀತದ ಮೂಲಕವೇ ಇರಬೇಕು ಎಂದು ಕೆಲವರಿಗೆ ಅನಿಸಿದ್ದು ಈ ಹಿನ್ನೆಲೆಯಲ್ಲಿ.

ಹಾಗೆ ಅನಿಸಿದವರಲ್ಲಿ ಮೊದಲಿಗರೆನ್ನಬಹುದಾದವರು ಐರ್ಲೆಂಡಿನ ಡಬ್ಲಿನ್ ನಗರದಲ್ಲಿದ್ದ ಮೀಡಿಯಾ ಲ್ಯಾಬ್ ಯುರೋಪ್ ಎಂಬ ಸಂಶೋಧನಾ ಸಂಸ್ಥೆಯವರು. ಅಲ್ಲಿ ಅರಿಯಾನಾ ಬಸ್ಸೋಲಿ, ಜೂಲಿಯನ್ ಮೂರ್ ಮತ್ತು ಸ್ಟೀಫನ್ ಅಗಮನೋಲಿಸ್ 2003ರ ಸುಮಾರಿಗೆ ಟ್ಯೂನಾ ಎಂಬ ಹೆಸರಿನ ಒಂದು ಮಾದರಿಯನ್ನು ರೂಪಿಸಿದರು. ಸ್ಮಾರ್ಟ್‌ಫೋನ್ ಇನ್ನೂ ಎಲ್ಲರ ಕೈಗೆ ಬಂದಿರದ ಕಾಲವಾದ್ದರಿಂದ ಅದು ಅಂಗೈಯಗಲದ ಕಿಸೆ ಕಂಪ್ಯೂಟರಿನಲ್ಲಿ ನಡೆಯುತ್ತಿತ್ತು. ಅದನ್ನು ಹಿಡಿದು ಬಸ್ಸಿನಲ್ಲಿ ಕುಳಿತವನ ತೆರೆಯ ಮೇಲೆ, ಅದೇ ಸಾಧನವನ್ನು ಬಳಸುತ್ತಿರುವ ಸುತ್ತಲಿನವರ ಗುರುತುಗಳು ಮೂಡುತ್ತಿದ್ದವು. ಒಂದು ಗುರುತನ್ನು ಮುಟ್ಟಿದರೆ ಆ ವ್ಯಕ್ತಿ ಆಗ ಕೇಳುತ್ತಿರುವ ಹಾಡಿನ ಹೆಸರೂ, ಆತ ತನ್ನ ಬಗ್ಗೆ ಬರೆದುಕೊಂಡ ಕಿರುಪರಿಚಯವೂ ಕಾಣಿಸುತ್ತಿದ್ದವು. ಇಷ್ಟವಾದರೆ ಅವನ ಹಾಡಿಗೇ ಕಿವಿಗೊಡಬಹುದಿತ್ತು, ಬೇಕಿದ್ದರೆ ಒಂದು ಕಿರುಸಂದೇಶ ಕಳಿಸಬಹುದಿತ್ತು, ಇಲ್ಲವೇ ಆ ಹಾಡನ್ನೂ ವ್ಯಕ್ತಿಯನ್ನೂ ನೆನಪಿಗಾಗಿ ಗುರುತು ಹಾಕಿಟ್ಟುಕೊಳ್ಳಬಹುದಿತ್ತು.

ಇದರ ಕಾರ್ಯವಿಧಾನ ತಿಳಿಯಬೇಕಾದರೆ ಅಡ್‌ಹಾಕ್ ಜಾಲ ಎಂಬ ಮಾತನ್ನು ಬಿಡಿಸಿ ನೋಡಬೇಕು. ಮೊಬೈಲ್ ಫೋನು ಸಾಮಾನ್ಯವಾಗಿ ದೂರದ ಗೋಪುರವೊಂದರ ಜೊತೆ ಮಾತಾಡುತ್ತದೆ, ಮನೆಯ ವೈಫೈ ಗೋಡೆಯ ಮೇಲಿನ ಪೆಟ್ಟಿಗೆಯ ಜೊತೆ ಮಾತಾಡುತ್ತದೆ; ಎರಡರಲ್ಲೂ ನಡುವೆ ಒಬ್ಬ ದಲ್ಲಾಳಿ ಇದ್ದೇ ಇರುತ್ತಾನೆ. ಅಡ್‌ಹಾಕ್ ಜಾಲದಲ್ಲಿ ಆ ದಲ್ಲಾಳಿಯಿಲ್ಲ. ಹತ್ತಿರ ಬಂದ ಎರಡು ಸಾಧನಗಳು ತಾವೇ ಪರಸ್ಪರರನ್ನು ಪತ್ತೆಹಚ್ಚಿ, ತಮ್ಮ ನಡುವೆಯೇ ಜಾಲವೊಂದನ್ನು ಕಟ್ಟಿಕೊಂಡು, ದೂರವಾದೊಡನೆ ಅದನ್ನು ಕಳಚಿಕೊಳ್ಳುತ್ತವೆ. ಇಂಟರ್‌ನೆಟ್ ಬೇಡ, ಸಿಮ್ ಬೇಡ, ಬಿಲ್ಲೂ ಬಾರದು. ಟ್ಯೂನಾದ ವಿಶೇಷವಿದ್ದದ್ದು ಇಷ್ಟರಲ್ಲಲ್ಲ. ಅದು ಹಾಡನ್ನು ನಕಲು ಮಾಡಿ ಕೊಡುತ್ತಿರಲಿಲ್ಲ, ಒಬ್ಬನ ಕಿವಿಯಲ್ಲಿ ಹಾಡು ಯಾವ ಕ್ಷಣದಲ್ಲಿ ಯಾವ ಸ್ವರದಲ್ಲಿದೆಯೋ ಅದೇ ಸ್ವರವನ್ನು ಅದೇ ಕ್ಷಣದಲ್ಲಿ ಇನ್ನೊಬ್ಬನ ಕಿವಿಗೂ ತಲುಪಿಸಲು ಹೆಣಗುತ್ತಿತ್ತು. ಹಾಡನ್ನು ಸಣ್ಣಸಣ್ಣ ಪೊಟ್ಟಣಗಳಾಗಿ ಕತ್ತರಿಸಿ ಗಾಳಿಯಲ್ಲಿ ಕಳಿಸುವಾಗ ಕೆಲವು ಪೊಟ್ಟಣಗಳು ತಡವಾಗಿ ಬರುತ್ತವೆ, ಕೆಲವು ಬರುವುದೇ ಇಲ್ಲ. ಆದ್ದರಿಂದ ಕೇಳುವ ಸಾಧನ ಸ್ವಲ್ಪ ಹಾಡನ್ನು ಮುಂಚಿತವಾಗಿ ಕೂಡಿಟ್ಟುಕೊಂಡು, ಕಳಿಸುವ ಸಾಧನದ ಗಡಿಯಾರಕ್ಕೆ ತನ್ನ ಗಡಿಯಾರವನ್ನು ಹೊಂದಿಸಿಕೊಂಡು ನುಡಿಸಬೇಕು. ಇಷ್ಟು ಕಷ್ಟಪಟ್ಟದ್ದಕ್ಕೆ ಕಾರಣವಿತ್ತು. ಹಾಡಿನ ಪ್ರತಿ ಸಿಕ್ಕರೆ ಒಬ್ಬನಿಗೆ ಸಿಗುವುದು ಒಂದು ಕಡತ ಮಾತ್ರ, ಆದರೆ ಎದುರು ಸೀಟಿನವನ ಪಾದ ಯಾವ ತಾಳಕ್ಕೆ ಅಲುಗುತ್ತಿದೆಯೋ ಅದೇ ತಾಳ ತನ್ನ ಕಿವಿಯಲ್ಲೂ ಬೀಳುತ್ತಿದೆಯೆಂಬ ಅರಿವಿನಲ್ಲಿ ಸಿಗುವುದು ಒಂದು ಒಡನಾಟ. ಭಜನೆಯಲ್ಲೋ ಜಾತ್ರೆಯ ಡೊಳ್ಳಿನ ಮುಂದೋ ನಿಂತವರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ ಇದು. ಎದುರಿನವನು ತನ್ನ ನಿಲ್ದಾಣ ಬಂದಾಗ ಇಳಿದುಹೋದರೆ ಹಾಡು ಚರಣದ ನಡುವೆಯೇ ತುಂಡಾಗುತ್ತಿತ್ತು; ರೂಪಿಸಿದವರ ದೃಷ್ಟಿಯಲ್ಲಿ ಅದು ದೋಷವಾಗಿರಲಿಲ್ಲ.

ಇದೇ ಹೊತ್ತಿಗೆ ಸ್ವೀಡನ್ನಿನಲ್ಲಿ ಎರಡು ಪ್ರಯೋಗಗಳು ನಡೆದವು. ಮಟಿಯಾಸ್ ಓಸ್ಟರ್‌ಗ್ರೆನ್ ಮತ್ತು ಓಸ್ಕರ್ ಯೂಲಿನ್ ಸೇರಿ ರೂಪಿಸಿದ ಸೌಂಡ್‌ಪ್ರೈಯರ್ ಎಂಬುದು ಕಾರಿನಲ್ಲಿ ಹೋಗುವವರಿಗಾಗಿ ಇತ್ತು: ರಸ್ತೆಯಲ್ಲಿ ಎದುರಾಗುವ ಅಥವಾ ಸಿಗ್ನಲ್ಲಿನಲ್ಲಿ ಪಕ್ಕ ನಿಲ್ಲುವ ಕಾರಿನೊಳಗೆ ಏನು ನುಡಿಯುತ್ತಿದೆಯೆಂದು ಕ್ಷಣಕಾಲ ಕದ್ದು ಕೇಳುವ ಅವಕಾಶ. ಗೋಥೆನ್‌ಬರ್ಗ್‌ನಲ್ಲಿ ಲಾರ್ಸ್ ಎರಿಕ್ ಹೋಮ್‌ಕ್ವಿಸ್ಟ್ ಮತ್ತು ಸಂಗಡಿಗರು 2005ರ ಸುಮಾರಿಗೆ ರೂಪಿಸಿದ ಪುಶ್ ಮ್ಯೂಸಿಕ್ ಇನ್ನೂ ವಿಲಕ್ಷಣವಾದುದು. ಅದರಲ್ಲಿ ಹಾಡಿಗೇ ಒಂದಿಷ್ಟು ಬುದ್ಧಿ ಕೊಡಲಾಗಿತ್ತು. ಯಾರು ಯಾವ ಹಾಡನ್ನು ಎಷ್ಟು ಸಲ ಕೇಳುತ್ತಾರೆ, ಯಾವುದನ್ನು ದಾಟಿಸಿ ಮುಂದೆ ಹೋಗುತ್ತಾರೆ ಎಂಬುದನ್ನು ಗಮನಿಸಿ, ಹತ್ತಿರ ಸುಳಿದ ಬೇರೆ ಸಾಧನದ ಒಡೆಯನಿಗೆ ತಾನು ಹಿಡಿಸಬಹುದೆಂದು ತೋರಿದರೆ ಹಾಡು ತಾನಾಗಿಯೇ ಅಲ್ಲಿಗೆ ಜಿಗಿಯುತ್ತಿತ್ತು. ಒಡೆಯ ತಾನೇ ಮನಸ್ಸು ಮಾಡಿ ಹಾಡೊಂದನ್ನು ಪಕ್ಕದವರತ್ತ ತಳ್ಳುವುದಕ್ಕೂ ಅವಕಾಶವಿತ್ತು. ಕೇಳದೆಯೇ ಮನೆಗೆ ಬಂದ ನೆಂಟನಂತೆ ಸಾಧನದಲ್ಲಿ ಬಂದು ಕುಳಿತ ಹಾಡು ಸಂತೋಷ ಕೊಡುವುದೋ ಕಿರಿಕಿರಿಯೋ ಎಂಬುದು ನೆಂಟನನ್ನು ಅವಲಂಬಿಸಿದ ಮಾತು.

ಬಸ್ಸೋಲಿಯ ಮುಂದಿನ ಕೆಲಸ ಲಂಡನ್ನಿನ ಸುರಂಗ ರೈಲಿಗೆ ಸಂಬಂಧಿಸಿದ್ದು. ಜೊಹಾನಾ ಬ್ರೂವರ್, ಕ್ಯಾರೆನ್ ಮಾರ್ಟಿನ್, ಪಾಲ್ ಡೌರಿಶ್ ಮತ್ತು ಸ್ಕಾಟ್ ಮೇನ್‌ವೇರಿಂಗ್ ಜೊತೆ ಸೇರಿ ಆಕೆ 2007ರಲ್ಲಿ ಮಂಡಿಸಿದ ಅಂಡರ್‌ಸೌಂಡ್ ಎಂಬ ವಿನ್ಯಾಸ ಈ ಇಡೀ ಕ್ಷೇತ್ರದಲ್ಲಿಯೇ ಹೆಚ್ಚು ಚಿಂತನೆಯಿಂದ ಕೂಡಿದ್ದು ಎನ್ನಬಹುದು. ಆ ಕಾಲದಲ್ಲಿ ಲಂಡನ್ನಿನ ಆಳದ ಸುರಂಗಗಳಲ್ಲಿ ಮೊಬೈಲ್ ಸಂಕೇತ ಸಿಗುತ್ತಿರಲಿಲ್ಲ. ಸುರಂಗಗಳೊಳಗೆ ಅದನ್ನು ಹರಡುವ ಕೆಲಸದ ಮೊದಲ ಹಂತ ಜ್ಯೂಬಿಲಿ ಮಾರ್ಗದ ಪೂರ್ವ ಭಾಗದಲ್ಲಿ ಆರಂಭವಾದದ್ದೇ 2020ರ ಮಾರ್ಚ್‌ನಲ್ಲಿ. ಎಲ್ಲರೂ ಕೊರತೆಯೆಂದು ಕಂಡ ಈ ಸ್ಥಿತಿಯನ್ನು ವಿನ್ಯಾಸಕಾರರು ಅನುಕೂಲವೆಂದು ಬಗೆದರು. ಹೊರಗಿನ ಲೋಕ ಕೈಗೆಟುಕದ ಕಡೆ ಪಕ್ಕದವರಷ್ಟೇ ಎಟುಕುವುದು. ಇನ್ನೂ ಯಾವ ಕಂಪನಿಯ ಜೊತೆಗೂ ಕರಾರು ಮಾಡಿಕೊಂಡಿರದ ಸ್ವತಂತ್ರ ಸಂಗೀತಗಾರರು ನಿಲ್ದಾಣದ ಟಿಕೆಟ್ ಸಭಾಂಗಣದಲ್ಲಿ ತಮ್ಮ ಹಾಡನ್ನು ವ್ಯವಸ್ಥೆಗೆ ಸೇರಿಸುವುದು, ಪ್ಲಾಟ್‌ಫಾರ್ಮಿನಲ್ಲಿ ಕಾಯುವ ಪ್ರಯಾಣಿಕರು ಅದನ್ನು ಫೋನಿಗೆ ಇಳಿಸಿಕೊಳ್ಳುವುದು, ಬೋಗಿಯೊಳಗೆ ಒಬ್ಬರ ಫೋನಿನಿಂದ ಇನ್ನೊಬ್ಬರಿಗೆ ಅದು ದಾಟುವುದು ಎಂಬುದು ಅದರ ಕಲ್ಪನೆ. ಪ್ರತಿ ಹಾಡೂ ತಾನು ಯಾವ ನಿಲ್ದಾಣದಲ್ಲಿ ಹುಟ್ಟಿತು, ಎಲ್ಲೆಲ್ಲಿ ಕೈ ಬದಲಿಸಿತು ಎಂಬ ನೆನಪನ್ನು ಹೊತ್ತು ತಿರುಗಬೇಕಿತ್ತು; ನಗರದ ಒಂದು ಮೂಲೆಯ ಹಾಡು ಮತ್ತೊಂದು ಮೂಲೆಗೆ ಎಷ್ಟು ದಿನಗಳಲ್ಲಿ ತಲುಪಿತೆಂಬುದು ನಿಲ್ದಾಣದ ಪರದೆಗಳ ಮೇಲೆ ಕಾಣಬೇಕಿತ್ತು. ಲಾವಣಿಯೊಂದು ಊರಿಂದೂರಿಗೆ ಹಾಡುಗಾರರ ಬಾಯಿಯಲ್ಲಿ ಸಾಗಿದ ಬಗೆಯನ್ನು ಕಂಪ್ಯೂಟರಿನಲ್ಲಿ ಮರುಕಲ್ಪಿಸಿದಂತಿದ್ದ ಈ ಯೋಜನೆ ನಗರದ ನಿತ್ಯ ವ್ಯವಸ್ಥೆಯಾಗಿ ನೆಲೆಗೊಳ್ಳಲಿಲ್ಲ. ಟ್ಯೂನಾ ಹುಟ್ಟಿದ ಡಬ್ಲಿನ್ನಿನ ಸಂಸ್ಥೆಯಂತೂ 2005ರ ಜನವರಿಯಲ್ಲೇ ಬಾಗಿಲು ಮುಚ್ಚಿತ್ತು.

ಪ್ರಯೋಗಾಲಯದ ಆಚೆ, ಅಂಗಡಿಯಲ್ಲಿ ಕೊಳ್ಳಬಹುದಾದ ರೂಪದಲ್ಲಿ ಈ ಆಸೆಯನ್ನು ಜನರ ಮುಂದಿಟ್ಟದ್ದು ಮೈಕ್ರೋಸಾಫ್ಟ್. 2006ರ ನವೆಂಬರ್ 14ರಂದು ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಝೂನ್ ಎಂಬ ಹಾಡಿನ ಪೆಟ್ಟಿಗೆಯಲ್ಲಿ 30 ಗಿಗಾಬೈಟ್ ಡಿಸ್ಕ್ ಇತ್ತು, ಆಗಿನ ಐಪಾಡ್‌ಗಳಲ್ಲಿ ಇಲ್ಲದಿದ್ದ ವೈಫೈ ಇತ್ತು, ಹತ್ತಿರದ ಇನ್ನೊಂದು ಝೂನ್‌ಗೆ ಹಾಡು ಕಳಿಸುವ ಸೌಲಭ್ಯವೂ ಇತ್ತು. ಜಾಹೀರಾತಿನ ಘೋಷಣೆಯೇ ಒಡನಾಟಕ್ಕೆ ಆಹ್ವಾನ ಕೊಡುವಂಥದ್ದು. ಆದರೆ ಹೀಗೆ ಬಂದ ಹಾಡನ್ನು ಮೂರು ಸಲ ಮಾತ್ರ ಕೇಳಬಹುದಿತ್ತು, ಅದೂ ಮೂರು ದಿನಗಳೊಳಗೆ. ಆಮೇಲೆ ಹಾಡಿನ ಹೆಸರು ಉಳಿಯುತ್ತಿತ್ತು, ಹಾಡು ಹೋಗುತ್ತಿತ್ತು. ಬಳಕೆದಾರ ತಾನೇ ಹಾಡಿ ಧ್ವನಿಮುದ್ರಿಸಿದ ಕಡತಕ್ಕೂ ಇದೇ ಕಟ್ಟುಪಾಡು ಅಂಟಿಕೊಳ್ಳುತ್ತಿತ್ತು. ಕೆಲವು ಹಾಡುಗಳನ್ನು ಅವುಗಳ ಹಕ್ಕುದಾರರು ಕಳಿಸಲೇ ಬಿಡುತ್ತಿರಲಿಲ್ಲ. ಮೂರು ದಿನದ ಗಡುವನ್ನು ಮುಂದಿನ ವರ್ಷ ತೆಗೆದುಹಾಕಿದರಾದರೂ ಮೂರು ಸಲದ ಮಿತಿ ಉಳಿಯಿತು. ಈ ಮಿತಿಗಿಂತ ದೊಡ್ಡ ತೊಂದರೆ ಇನ್ನೊಂದಿತ್ತು: ಬಸ್ಸಿನಲ್ಲಿ ಝೂನ್ ಹಿಡಿದವನ ಪಕ್ಕ ಇನ್ನೊಬ್ಬ ಝೂನ್ ಹಿಡಿದವನು ಕುಳಿತಿರುವ ಸಂಭವವೇ ಅಪರೂಪ. ಎಲ್ಲರ ಕೈಯಲ್ಲೂ ಐಪಾಡ್ ಇದ್ದ ಕಾಲ ಅದು. ಹಂಚಿಕೊಳ್ಳುವ ಸಾಧನದ ಬೆಲೆ ಅದನ್ನು ಹೊಂದಿರುವವರ ಸಂಖ್ಯೆಯ ಜೊತೆ ಏರುತ್ತದೆಯೆಂಬುದು ಟೆಲಿಫೋನ್ ಕಾಲದಿಂದ ತಿಳಿದ ಸಂಗತಿ. ಊರಿನಲ್ಲಿ ಒಂದೇ ಫೋನಿದ್ದರೆ ಕರೆ ಮಾಡುವುದಾದರೂ ಯಾರಿಗೆ? 2011ರಲ್ಲಿ ಮೈಕ್ರೋಸಾಫ್ಟ್ ಝೂನ್ ತಯಾರಿಕೆಯನ್ನು ಕೈಬಿಟ್ಟಿತು.

ಪಂಡಿತರ ವಿನ್ಯಾಸ, ಕಂಪನಿಯ ಜಾಹೀರಾತು ಎರಡೂ ಸಾಧಿಸಲಾಗದ್ದನ್ನು ಯಾರೂ ಯೋಜಿಸದ ಮತ್ತೊಂದು ಬೆಳವಣಿಗೆ ಸಾಧಿಸಿತು. ಎರಿಕ್ಸನ್, ಐಬಿಎಂ, ಇಂಟೆಲ್, ನೋಕಿಯಾ, ತೋಷಿಬಾ ಕಂಪನಿಗಳು 1998ರಲ್ಲಿ ಕೂಡಿ ಕಟ್ಟಿದ ಬ್ಲೂಟೂತ್ ಎಂಬ ತಂತ್ರದ ಮೂಲ ಉದ್ದೇಶ ಫೋನು, ಹೆಡ್‌ಸೆಟ್, ಕಂಪ್ಯೂಟರುಗಳ ನಡುವಿನ ತಂತಿಯನ್ನು ತೆಗೆಯುವುದಷ್ಟೇ ಆಗಿತ್ತು. ಅದು 2.4 ಗಿಗಾಹರ್ಟ್ಸ್ ಆಸುಪಾಸಿನ ರೇಡಿಯೋ ಅಲೆಗಳನ್ನು ಬಳಸುತ್ತದೆ. ಸಾಮಾನ್ಯ ಫೋನಿನಲ್ಲಿ ಅದರ ವ್ಯಾಪ್ತಿ ಸುಮಾರು 10 ಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಬಸ್ಸಿನ ಉದ್ದ. ನಾಲ್ಕು ನಿಮಿಷದ ಹಾಡೊಂದು ಎಂಪಿ3 ರೂಪದಲ್ಲಿ 4 ಮೆಗಾಬೈಟ್ ಆಸುಪಾಸು ಇರುತ್ತಿದ್ದುದರಿಂದ ಹಳೆಯ ಬ್ಲೂಟೂತ್‌ನಲ್ಲಿ ಅದನ್ನು ಕಳಿಸಲು ಒಂದು ನಿಮಿಷದಷ್ಟು ಹಿಡಿಯುತ್ತಿತ್ತು. ಎರಡು ಸ್ಟಾಪುಗಳ ನಡುವೆ ಒಂದು ಹಾಡು ಆರಾಮಾಗಿ ದಾಟುತ್ತಿತ್ತು. ಇದಕ್ಕೆ ಮೆಮೊರಿ ಕಾರ್ಡ್ ಹಾಕಬಹುದಾದ ಅಗ್ಗದ ಫೋನ್ ಜೊತೆಯಾದಾಗ ಭಾರತದಂಥ ದೇಶದಲ್ಲಿ ನಡೆದದ್ದೇ ಬೇರೆ. ಇಂಟರ್‌ನೆಟ್ ದುಬಾರಿಯಾಗಿದ್ದ ಆ ವರ್ಷಗಳಲ್ಲಿ ಕರ್ನಾಟಕದ ತಾಲ್ಲೂಕು ಕೇಂದ್ರಗಳ ಮೊಬೈಲ್ ಅಂಗಡಿಗಳಲ್ಲಿ ಕಾರ್ಡಿಗೆ ಸಾಂಗ್ಸ್ ಹಾಕಿಸುವುದು ಒಂದು ಕಸುಬೇ ಆಗಿತ್ತು, ಹಾಗೆ ಹಾಕಿಸಿಕೊಂಡ ಹಾಡು ಅಲ್ಲಿಗೆ ನಿಲ್ಲದೆ ಹಳ್ಳಿಯಿಂದ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ, ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ವ್ಯಾನಿನಲ್ಲಿ, ಪ್ಯಾಸೆಂಜರ್ ರೈಲಿನಲ್ಲಿ ಕೈಯಿಂದ ಕೈಗೆ ಹರಿಯುತ್ತಿತ್ತು. ಆ ಹಾಡು ಇದ್ದರೆ ಬ್ಲೂಟೂತ್ ಆನ್ ಮಾಡು ಎಂಬ ಒಂದು ಮಾತು ಸಾಕಿತ್ತು. ಫೋನಿಗೆ ಮೆಚ್ಚಿನ ನಟನ ಹೆಸರಿಟ್ಟುಕೊಂಡವರು, ಅದೇ ನಟನ ಹೆಸರಿನ ಇನ್ನೆರಡು ಫೋನುಗಳು ಪಟ್ಟಿಯಲ್ಲಿ ಕಂಡು ಯಾವುದಕ್ಕೆ ಕಳಿಸಬೇಕೆಂದು ತಡವರಿಸುವುದೂ ಇತ್ತು.

ಸಹಾರಾ ಮರುಭೂಮಿಯ ಅಂಚಿನ ಊರುಗಳಲ್ಲಿ ನಡೆದದ್ದು ಇದೇ ಕಥೆಯ ಇನ್ನೊಂದು ಪ್ರತಿ. ಉತ್ತರ ಮಾಲಿಯ ಕಿಡಾಲ್ ಎಂಬ ಊರಿನಲ್ಲಿ ವಾಸವಿದ್ದ ಅಮೆರಿಕದ ಸಂಗ್ರಾಹಕ ಕ್ರಿಸ್ಟೋಫರ್ ಕರ್ಕ್ಲಿ, ಅಲ್ಲಿನವರ ಫೋನುಗಳ ಮೆಮೊರಿ ಕಾರ್ಡುಗಳಲ್ಲಿದ್ದ ಹಾಡುಗಳನ್ನು ಕಲೆಹಾಕಿ, ಸಹಾರಾದ ಸೆಲ್‌ಫೋನ್ ಸಂಗೀತ ಎಂಬರ್ಥದ ಹೆಸರಿನಲ್ಲಿ ಸಂಕಲನವನ್ನು ತಂದ. ಇಂಟರ್‌ನೆಟ್ ಇಲ್ಲದಿದ್ದರೂ ಹಾಡುಗಳು ಪ್ರಯಾಣಿಕರ ಜೇಬಿನಲ್ಲಿ ಕುಳಿತು, ಬ್ಲೂಟೂತ್ ಮೂಲಕ ಫೋನಿನಿಂದ ಫೋನಿಗೆ ಜಿಗಿದು ದೇಶದ ಗಡಿಗಳನ್ನು ದಾಟಿದ್ದವು. ದಾರಿಯಲ್ಲಿ ಹಾಡುಗಾರನ ಹೆಸರು ಉದುರಿಹೋಗಿರುತ್ತಿತ್ತು. ಅಂಥ ಒಂದು ಹಾಡಿನ ದನಿಯನ್ನು ಹುಡುಕಿಕೊಂಡು ಹೋದ ಕರ್ಕ್ಲಿಗೆ ಸಿಕ್ಕವನು ನೈಜರ್ ದೇಶದ ತುವಾರೆಗ್ ಗಿಟಾರ್ ವಾದಕ ಮ್ದೂ ಮೊಕ್ತಾರ್. ಆತ 2008ರಲ್ಲಿ ನೈಜೀರಿಯಾದ ಸೊಕೊಟೊದಲ್ಲಿ ಧ್ವನಿಮುದ್ರಿಸಿದ್ದ ಹಾಡುಗಳು ಆತನಿಗಿಂತ ಮೊದಲೇ ಮರಳುಗಾಡನ್ನು ಸುತ್ತಿ ಬಂದಿದ್ದವು. ಇಂದು ಆತ ಅಮೆರಿಕ, ಯುರೋಪುಗಳಲ್ಲಿ ಕಛೇರಿ ಕೊಡುವ ಹೆಸರಾಂತ ಕಲಾವಿದ. ಅಂಡರ್‌ಸೌಂಡ್‌ನವರು ಲಂಡನ್ನಿನಲ್ಲಿ ಕಟ್ಟಬಯಸಿದ್ದ ವ್ಯವಸ್ಥೆ, ಪರದೆಗಳೂ ಲೆಕ್ಕವೂ ಇಲ್ಲದೆ, ಸಹಾರಾದಲ್ಲಿ ತಾನಾಗಿಯೇ ನಡೆಯುತ್ತಿತ್ತು.

ಬಡತನವನ್ನು ಹಾಡಿ ಹೊಗಳುವ ಮಾತಲ್ಲ ಇದು. ಇಲ್ಲಿ ಹಂಚಿಕೆ ನಡೆದದ್ದು ಸಾಮಾಜಿಕ ಒಡನಾಟದ ಹಂಬಲದಿಂದ ಎನ್ನುವುದಕ್ಕಿಂತ ಹಾಡು ಬೇರೆ ದಾರಿಯಿಂದ ಸುಲಭವಾಗಿ ಸಿಗುತ್ತಿರಲಿಲ್ಲ ಎಂಬ ಕಾರಣದಿಂದ, ಮಾತುಕತೆ ಅದರ ಬೆನ್ನಿಗೆ ಬಂದ ಲಾಭ. ಡಬ್ಲಿನ್ನಿನ ಪ್ರಯೋಗದಲ್ಲಿ ಇದು ತಿರುಗುಮುರುಗಾಗಿತ್ತು. ಈ ವ್ಯತ್ಯಾಸ ಎಷ್ಟು ನಿರ್ಣಾಯಕವೆಂಬುದು ಭಾರತದಲ್ಲಿ 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಇಂಟರ್‌ನೆಟ್ಟಿನ ಬೆಲೆ ಕುಸಿದ ಮೇಲೆ ಗೊತ್ತಾಯಿತು. ನಡುವೆ ಕೆಲವು ಕಾಲ ಶೇರ್‌ಇಟ್, ಝೆಂಡರ್‌ನಂಥ ಆ್ಯಪ್‌ಗಳು ಫೋನಿನ ವೈಫೈಯನ್ನೇ ಬಳಸಿ, ಬ್ಲೂಟೂತ್‌ಗಿಂತ ಹತ್ತಾರು ಪಟ್ಟು ವೇಗದಲ್ಲಿ ಹಾಡು, ಸಿನಿಮಾಗಳನ್ನು ಸಾಗಿಸಿದವು. 2020ರ ಜೂನ್ 29ರಂದು ಕೇಂದ್ರ ಸರ್ಕಾರ ನಿಷೇಧಿಸಿದ 59 ಚೀನೀ ಆ್ಯಪ್‌ಗಳ ಪಟ್ಟಿಯಲ್ಲಿ ಅವೆರಡೂ ಇದ್ದವು. ಆದರೆ ಅಷ್ಟರಲ್ಲಿ ಹಾಡು ಬೇಕಾದವನು ಪಕ್ಕದವನನ್ನು ಕೇಳುವ ಅಗತ್ಯವೇ ಉಳಿದಿರಲಿಲ್ಲ. ಸ್ಟ್ರೀಮಿಂಗ್, ಅಂದರೆ ಹಾಡನ್ನು ಇಳಿಸಿಟ್ಟುಕೊಳ್ಳದೆ ಇಂಟರ್‌ನೆಟ್ಟಿನಿಂದ ಆಗಿಂದಾಗ ಹರಿಸಿಕೊಂಡು ಕೇಳುವ ಪದ್ಧತಿ, ಹಾಡನ್ನು ಕೊಡುವ ಕ್ರಿಯೆಯನ್ನು ಲಿಂಕ್ ಕಳಿಸುವ ಕ್ರಿಯೆಯಾಗಿಸಿತು. ಲಿಂಕ್ ಕಳಿಸಲು ಹತ್ತಿರ ಇರಬೇಕಿಲ್ಲ, ಆದರೆ ನಂಬರ್ ಗೊತ್ತಿರಬೇಕು. ಅಪರಿಚಿತ ಹೊರಗುಳಿದದ್ದು ಹೀಗೆ.

ಕಾನೂನಿನ ಮಾತನ್ನು ಇಲ್ಲಿ ಬಿಡುವಂತಿಲ್ಲ. ಭಾರತದ 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಒಂದು ಹಾಡೆಂದರೆ ಒಂದು ಆಸ್ತಿಯಲ್ಲ: ಸಾಹಿತ್ಯಕ್ಕೆ ಒಂದು ಹಕ್ಕು, ರಾಗಸಂಯೋಜನೆಗೆ ಮತ್ತೊಂದು, ಧ್ವನಿಮುದ್ರಿಕೆಗೆ ಇನ್ನೊಂದು. ಧ್ವನಿಮುದ್ರಿಕೆಯ ಹಕ್ಕು ಪ್ರಕಟಣೆಯ ನಂತರ 60 ವರ್ಷ ಇರುತ್ತದೆ. ಹಕ್ಕುದಾರರ ಅನುಮತಿಯಿಲ್ಲದೆ ಪ್ರತಿ ಮಾಡಿ ಹಂಚುವುದು ಆ ಹಕ್ಕುಗಳನ್ನು ಮುಟ್ಟುತ್ತದೆ, ಬಸ್ಸಿನಲ್ಲಿ ಹಾಡು ದಾಟಿಸಿದ ಬಹುಪಾಲು ಜನ ಆ ಬಗ್ಗೆ ಯೋಚಿಸಿದವರಲ್ಲ. ಪ್ರತಿಯನ್ನು ಕೊಡದೆ ಜೊತೆಗೆ ಕೇಳಿಸುವ ಟ್ಯೂನಾದ ದಾರಿ ಈ ದೃಷ್ಟಿಯಿಂದಲೂ ಹೆಚ್ಚು ನಾಜೂಕಿನದು.

ಅಪರಿಚಿತನಿಂದ ಏನನ್ನಾದರೂ ಪಡೆಯಲು ಬಾಗಿಲು ತೆರೆದಿಟ್ಟರೆ ಹಾಡೊಂದೇ ಒಳಗೆ ಬರುವುದಿಲ್ಲ. 2004ರಲ್ಲಿ ಕಾಣಿಸಿಕೊಂಡ ಕಬೀರ್ ಎಂಬ ಹೆಸರಿನ ಕುತಂತ್ರಾಂಶ ಬ್ಲೂಟೂತ್ ಆನ್ ಇಟ್ಟ ನೋಕಿಯಾದಂಥ ಫೋನುಗಳನ್ನು ಹುಡುಕಿ ತನ್ನನ್ನೇ ಕಳಿಸಿಕೊಳ್ಳುತ್ತಿತ್ತು. ಫೋನಿಂದ ಫೋನಿಗೆ ಹರಡುವ ಸೋಂಕಿನ ಮೊದಲ ಉದಾಹರಣೆಗಳಲ್ಲಿ ಅದೊಂದು. ಆ್ಯಪಲ್ ಫೋನುಗಳ ಏರ್‌ಡ್ರಾಪ್ ಸೌಲಭ್ಯ, ಬ್ಲೂಟೂತ್‌ನಿಂದ ಹತ್ತಿರದವರನ್ನು ಪತ್ತೆಹಚ್ಚಿ ವೈಫೈನಿಂದ ಕಡತ ದಾಟಿಸುವಂಥದ್ದು, ರೈಲಿನಲ್ಲಿ ಕುಳಿತ ಮಹಿಳೆಯರಿಗೆ ಅಶ್ಲೀಲ ಚಿತ್ರಗಳನ್ನು ತಳ್ಳುವ ಕಿಡಿಗೇಡಿಗಳ ಕೈಗೂ ಸಿಕ್ಕಿತು. ಲಂಡನ್ನಿನ ರೈಲಿನಲ್ಲಿ ನಡೆದ ಇಂಥ ಪ್ರಕರಣವನ್ನು ಅಲ್ಲಿನ ಸಾರಿಗೆ ಪೊಲೀಸರು 2015ರಲ್ಲೇ ತನಿಖೆಗೆ ತೆಗೆದುಕೊಂಡಿದ್ದರು. 2023ರ ಆನ್‌ಲೈನ್ ಸುರಕ್ಷತಾ ಕಾಯ್ದೆ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಈ ಕೃತ್ಯವನ್ನು ಪ್ರತ್ಯೇಕ ಅಪರಾಧವನ್ನಾಗಿಸಿತು. ಎಲ್ಲರಿಂದಲೂ ಪಡೆಯುವ ಆಯ್ಕೆಯನ್ನು ಆ್ಯಪಲ್ 2022ರ ಕೊನೆಗೆ ಹತ್ತು ನಿಮಿಷಕ್ಕೆ ಇಳಿಸಿತು, ಆಮೇಲೆ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ. ಅಪರಿಚಿತರೊಡನೆ ಹಂಚಿಕೆಯ ಕನಸಿಗೆ ಈಗ ಹತ್ತು ನಿಮಿಷದ ಅವಧಿಯಷ್ಟೇ ಉಳಿದಿದೆ ಎಂದರೂ ನಡೆಯುತ್ತದೆ.

ಇದಕ್ಕಿಂತ ಮೃದುವಾದ ಅಂಜಿಕೆಯೊಂದಿದೆ, ಅದು ತನ್ನ ಆಯ್ಕೆಯನ್ನು ನಾಲ್ವರು ನೋಡುತ್ತಾರೆಂಬುದು. 2003ರಲ್ಲಿ ಐಟ್ಯೂನ್ಸ್ ತಂತ್ರಾಂಶ ಒಂದೇ ಜಾಲದಲ್ಲಿರುವವರ ಹಾಡಿನ ಸಂಗ್ರಹವನ್ನು ಪರಸ್ಪರ ತೋರಿಸತೊಡಗಿದಾಗ ಕಚೇರಿಯೊಂದರಲ್ಲಿ ಏನಾಯಿತೆಂಬುದನ್ನು ಏಮಿ ವೋಯಿಡಾ ಮತ್ತು ಸಹೋದ್ಯೋಗಿಗಳು ಅಧ್ಯಯನ ಮಾಡಿ 2005ರಲ್ಲಿ ಪ್ರಕಟಿಸಿದರು. ಸಹೋದ್ಯೋಗಿಗಳು ನೋಡುತ್ತಾರೆಂಬ ಅರಿವಿನಿಂದ ಜನ ತಮ್ಮ ಸಂಗ್ರಹವನ್ನು ಓರಣಗೊಳಿಸಿದ್ದರು, ಹೇಗೆ ಕಾಣಿಸಿಕೊಳ್ಳುತ್ತೇವೆಂದು ಲೆಕ್ಕ ಹಾಕಿದ್ದರು, ಬೇರೆಯವರ ಪಟ್ಟಿಯಿಂದ ಅವರ ಸ್ವಭಾವವನ್ನೂ ಊಹಿಸಿದ್ದರು. ಮನೆಗೆ ಅತಿಥಿ ಬರುವ ಮುನ್ನ ಹಾಲ್‌ನ ಪುಸ್ತಕದ ಕಪಾಟನ್ನು ಸರಿಪಡಿಸುವುದಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಆದರೆ ಇಯರ್‌ಫೋನಿನ ಸುಖವೇ ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲದಿರುವುದು. ಶಾಸ್ತ್ರೀಯ ಸಂಗೀತದ ರಸಿಕರೆಂದು ಹೆಸರಾದವರು ಬೆಳಗಿನ ಮೆಟ್ರೋದಲ್ಲಿ ಐಟಂ ಸಾಂಗ್ ಕೇಳುವ ಸ್ವಾತಂತ್ರ್ಯ ಅದು.

ಹಂಚಿಕೊಳ್ಳುವ ಹಂಬಲ ಇಷ್ಟೆಲ್ಲ ಅಂಜಿಕೆಗಳ ನಡುವೆ ಸೋತಂತೆ ಕಂಡರೂ, ಇಯರ್‌ಫೋನ್ ಹಾಕದೆ ಫೋನಿನ ಸ್ಪೀಕರಿನಲ್ಲೇ ಹಾಡು ಹಾಕಿಕೊಂಡು ಕೂರುವವರು ಪ್ರತಿ ಬಸ್ಸಿನಲ್ಲೂ ಇದ್ದಾರೆ. ಅದು ಕೂಡ ತಂತಿಯಿಲ್ಲದ ಹಂಚಿಕೆಯೇ, ಪಡೆಯುವವರ ಒಪ್ಪಿಗೆಯೊಂದೇ ಇಲ್ಲದ್ದು. ಕರ್ನಾಟಕದಲ್ಲಿ ಈ ವಿಷಯ ಹೈಕೋರ್ಟಿನವರೆಗೆ ಹೋಗಿ, 2021ರ ನವೆಂಬರ್‌ನಲ್ಲಿ ಕೆಎಸ್‌ಆರ್‌ಟಿಸಿ ತನ್ನ ಬಸ್ಸುಗಳಲ್ಲಿ ಮೊಬೈಲಿನಿಂದ ಜೋರಾಗಿ ಹಾಡು, ವಿಡಿಯೋ ಹಾಕುವುದನ್ನು ನಿಷೇಧಿಸಿತು; ಹೇಳಿದರೂ ಕೇಳದವರನ್ನು ಬಸ್ಸಿನಿಂದ ಇಳಿಸುವ ಅಧಿಕಾರ ಸಿಬ್ಬಂದಿಗೆ ಸಿಕ್ಕಿತು. ಅದೇ ನಾಡಿನ ಖಾಸಗಿ ಬಸ್ಸುಗಳಲ್ಲಿ ಡ್ರೈವರ್ ಹಾಕಿದ ಕ್ಯಾಸೆಟ್ಟನ್ನು ಇಡೀ ಬಸ್ಸು ದಶಕಗಟ್ಟಲೆ ತಕರಾರಿಲ್ಲದೆ ಕೇಳಿತ್ತು. ಮುಂಬೈ ಲೋಕಲ್ ರೈಲುಗಳಲ್ಲಿ ಒಂದೇ ಬೋಗಿಗೆ ದಿನವೂ ಹತ್ತುವ ಭಜನಾ ಮಂಡಳಿಗಳು ತಾಳ ತಟ್ಟುತ್ತ ಕಚೇರಿಗೆ ಹೋಗುವುದೂ ಉಂಟು. ಅಲ್ಲಿ ಮೊದಲು ಅಪರಿಚಿತರಾಗಿದ್ದವರೇ ಕ್ರಮೇಣ ಮಂಡಳಿಯವರಾಗುತ್ತಾರೆ. ಡ್ರೈವರಿನ ಕ್ಯಾಸೆಟ್ಟಿಗೂ ಸಹಪ್ರಯಾಣಿಕನ ಸ್ಪೀಕರಿಗೂ ಇರುವ ಭೇದ ಸದ್ದಿನದಲ್ಲ. ಡ್ರೈವರ್ ಆ ಬಸ್ಸಿನ ಯಜಮಾನನ ಸ್ಥಾನದಲ್ಲಿರುತ್ತಾನೆ, ಅವನ ಹಾಡು ಎಲ್ಲರಿಗೂ ಸೇರಿದ್ದು; ಪಕ್ಕದವನು ಮಾತ್ರ ತನ್ನೊಬ್ಬನ ಹಾಡನ್ನು ಎಲ್ಲರ ಮೇಲೆ ಹೇರುತ್ತಾನೆ.

ತಂತ್ರಜ್ಞಾನ ಈಗ ಈ ಹಳೆಯ ಕಿಂಡಿಯತ್ತ ಮತ್ತೊಮ್ಮೆ ಬಂದಿದೆ, ಆದರೆ ಬೇರೊಂದು ಬಾಗಿಲಿನಿಂದ. ಕಿವಿ ಮಂದವಾದವರಿಗೆ ನೆರವಾಗುವ ಶ್ರವಣ ಸಾಧನಗಳ ತಯಾರಕರ ಯುರೋಪಿನ ಸಂಘ 2014ರಲ್ಲಿ ಬ್ಲೂಟೂತ್ ಒಕ್ಕೂಟದ ಜೊತೆ ಮಾಡಿಕೊಂಡ ಒಪ್ಪಂದದಿಂದ ಆರಂಭವಾದ ಕೆಲಸ, 2020ರಲ್ಲಿ ಎಲ್‌ಇ ಆಡಿಯೋ ಎಂಬ ಹೊಸ ಮಾನದಂಡವಾಗಿ ಪ್ರಕಟವಾಯಿತು; ಅದರ ಬಿತ್ತರಣೆಯ ಭಾಗ 2022ರಲ್ಲಿ ಆರಾಕಾಸ್ಟ್ ಎಂಬ ಹೆಸರು ಪಡೆಯಿತು. ಹಳೆಯ ಬ್ಲೂಟೂತ್‌ನಲ್ಲಿ ಫೋನು ಮತ್ತು ಇಯರ್‌ಫೋನ್ ಮೊದಲು ಜೋಡಿಯಾಗಬೇಕಿತ್ತು; ಆರಾಕಾಸ್ಟ್‌ನಲ್ಲಿ ಕಳಿಸುವ ಸಾಧನ ಪುಟ್ಟ ಆಕಾಶವಾಣಿಯಂತೆ ಬಿತ್ತರಿಸುತ್ತದೆ, ವ್ಯಾಪ್ತಿಯೊಳಗಿರುವ ಎಷ್ಟು ಇಯರ್‌ಫೋನುಗಳಾದರೂ ಅದನ್ನು ಹಿಡಿಯಬಹುದು. ರೈಲು ನಿಲ್ದಾಣದ ಪ್ರಕಟಣೆಯನ್ನು ನೇರವಾಗಿ ಕಿವಿಯೊಳಗೆ ಕೇಳಿಸುವುದು, ಜಿಮ್ಮಿನ ಮೂಕ ಟಿವಿಗೆ ದನಿ ಕೊಡುವುದು ಇದರ ಮುಖ್ಯ ಉಪಯೋಗಗಳೆಂದು ಎಣಿಸಲಾಗಿದೆ. ಕೆಲವು ಆಂಡ್ರಾಯ್ಡ್ ಫೋನುಗಳಿಂದ ಬಳಕೆದಾರನೇ ಹೀಗೆ ತನ್ನ ಹಾಡನ್ನು ಬಿತ್ತರಿಸಬಹುದು, ಅದಕ್ಕೊಂದು ಹೆಸರಿಡಬಹುದು, ಎಲ್ಲರಿಗೂ ತೆರೆದಿಡಬಹುದು ಅಥವಾ ಗುಪ್ತಪದದ ಬೀಗ ಹಾಕಬಹುದು. ಕೇಳುವವರು ಪಟ್ಟಿಯಲ್ಲಿ ಆ ಹೆಸರನ್ನು ಕಂಡು, ತಾವಾಗಿ ಆರಿಸಿಕೊಂಡರಷ್ಟೇ ಹಾಡು ಅವರ ಕಿವಿಗೆ ಬರುತ್ತದೆ. ಬಲವಂತವಿಲ್ಲ, ಕಡತ ದಾಟುವುದಿಲ್ಲ, ಸೋಂಕು ತಗಲುವ ಅಂಜಿಕೆಯೂ ಕಡಿಮೆ. ಟ್ಯೂನಾ ಬಯಸಿದ್ದ ಸಮಕಾಲಿಕ ಆಲಿಕೆ ಇಲ್ಲಿ ತಂತ್ರದ ಮೂಲದಲ್ಲೇ ಅಡಕವಾಗಿದೆ. ಒಂದೇ ಒಂದು ಅಂಶ ಮಾತ್ರ ಟ್ಯೂನಾಕ್ಕೆ ತದ್ವಿರುದ್ಧ. ಬಿತ್ತರಣೆ ಒಮ್ಮುಖವಾದ್ದರಿಂದ ಕೇಳುವ ಇಯರ್‌ಫೋನ್ ಕಳಿಸುವ ಫೋನಿಗೆ ಮರಳಿ ಏನನ್ನೂ ತಿಳಿಸುವುದಿಲ್ಲ; ತುಂಬಿದ ಬೋಗಿಯಲ್ಲಿ ನಿಂತು ತನ್ನ ಮೆಚ್ಚಿನ ಹಾಡನ್ನು ತೆರೆದಿಟ್ಟವನಿಗೆ ಅದನ್ನು ನಲವತ್ತು ಜನ ಕೇಳುತ್ತಿದ್ದಾರೋ ಒಬ್ಬರೂ ಕೇಳುತ್ತಿಲ್ಲವೋ ಗೊತ್ತಾಗುವುದಿಲ್ಲ, ಎದುರು ಸೀಟಿನಲ್ಲಿ ಯಾರದಾದರೂ ಪಾದ ಅದೇ ತಾಳಕ್ಕೆ ಅಲುಗುತ್ತಿರುವುದು ಕಣ್ಣಿಗೆ ಬಿದ್ದರೆ ಹೊರತು.